ವಿಚಾರಣೆಗೆ ಮುನ್ನ ಅಮಾನತು: ವೇತನದ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳುವ ಬಗೆ

ನೌಕರರೊಬ್ಬರ ಮೇಲೆ ಗಂಭೀರ ದೂರು ಬಂದಾಗ ಅವರನ್ನು ಕೆಲಸದಿಂದ ದೂರವಿರಿಸುವುದು ಒಂದು ನಿರ್ಧಾರ, ಅವರ ಸಂಬಳವನ್ನು ತಡೆಹಿಡಿಯುವುದು ಇನ್ನೊಂದು. ಇವೆರಡನ್ನೂ ಒಂದೇ ಆದೇಶದ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದರಿಂದಲೇ ಬಹುಪಾಲು ತಕರಾರುಗಳು ಹುಟ್ಟುತ್ತವೆ. ಸಾಕ್ಷ್ಯ ನಾಶವಾಗದಂತೆ, ಸಾಕ್ಷಿಗಳ ಮೇಲೆ ಒತ್ತಡ ಬೀಳದಂತೆ ನೋಡಿಕೊಳ್ಳಲು ನೌಕರರು ಕಚೇರಿಯಲ್ಲಿ ಇಲ್ಲದಿದ್ದರೆ ಸಾಕು. ಅವರ ಮನೆಗೆ ಹಣ ಹೋಗದಿರುವುದರಿಂದ ತನಿಖೆಗೆ ಯಾವ ಪ್ರಯೋಜನವೂ ಆಗದು.

ಆದ್ದರಿಂದ ಅಮಾನತು ಬೇಕೇ ಎಂಬುದನ್ನೇ ಮೊದಲು ವಿಚಾರಿಸಿ. ತಾತ್ಕಾಲಿಕವಾಗಿ ಬೇರೆ ವಿಭಾಗಕ್ಕೆ ಕಳುಹಿಸುವುದರಿಂದ, ಅಥವಾ ಹಣಕಾಸಿನ ಕಡತಗಳನ್ನೂ ಕಂಪ್ಯೂಟರ್ ಪ್ರವೇಶವನ್ನೂ ಹಿಂತೆಗೆದುಕೊಳ್ಳುವುದರಿಂದ ಕೆಲಸ ಸಾಗುವುದಾದರೆ ಅಮಾನತಿನ ಅಗತ್ಯವಿಲ್ಲ. ಅಗತ್ಯವಿದ್ದರೆ ಅದಕ್ಕೆ ಕಾರಣವೇನೆಂದು ಆ ದಿನವೇ ಕಡತದಲ್ಲಿ ಬರೆದಿಡಿ. ನಂತರ ಹೊಂದಿಸಿದ ಕಾರಣವನ್ನು ನ್ಯಾಯಾಲಯಗಳು ಸುಲಭವಾಗಿ ನಂಬುವುದಿಲ್ಲ.

ಮುಂದಿನದು ಅಧಿಕಾರದ ಪ್ರಶ್ನೆ. ಸಂಬಳವಿಲ್ಲದೆ ಅಮಾನತಿನಲ್ಲಿಡುವ ಅಧಿಕಾರ ಮಾಲೀಕರಿಗೆ ತಾನಾಗಿಯೇ ಬರುವುದಿಲ್ಲ. ಉದ್ಯೋಗ ಒಪ್ಪಂದದಲ್ಲೋ ಕಾಯ್ದೆಯಲ್ಲೋ ಸ್ಥಾಯಿ ಆದೇಶಗಳಲ್ಲೋ (ಸಂಸ್ಥೆಯ ಕೆಲಸದ ಷರತ್ತುಗಳನ್ನೂ ಶಿಸ್ತನ್ನೂ ನಿಗದಿಪಡಿಸುವ ಲಿಖಿತ ನಿಯಮಗಳು) ಅದಕ್ಕೆ ಆಧಾರವಿರಬೇಕು, ಇಲ್ಲದಿದ್ದರೆ ಆ ಅವಧಿಯ ವೇತನ ಕೊಡಲೇಬೇಕೆಂದು ಭಾರತದ ಸುಪ್ರೀಂ ಕೋರ್ಟ್ 1959ರಲ್ಲಿ ಹೋಟೆಲ್ ಇಂಪೀರಿಯಲ್ ಪ್ರಕರಣದಲ್ಲಿ ಹೇಳಿತು. ನೇಮಕಾತಿ ಪತ್ರದಲ್ಲಿ 'ಅಮಾನತು' ಎಂಬ ಪದವಿದ್ದ ಮಾತ್ರಕ್ಕೆ 'ವೇತನರಹಿತ' ಎಂಬ ಅರ್ಥ ಅದರೊಳಗೆ ಸೇರಿಕೊಂಡಿರುವುದಿಲ್ಲ.

ಅಧಿಕಾರವಿದ್ದರೂ ಅದನ್ನು ಪೂರ್ತಿಯಾಗಿ ಚಲಾಯಿಸುವುದು ನ್ಯಾಯವೇ? ನನ್ನ ಅಭಿಪ್ರಾಯದಲ್ಲಿ ಬಹುತೇಕ ಸಂದರ್ಭಗಳಲ್ಲಿ ಅಲ್ಲ, ಏಕೆಂದರೆ ಆದಾಯ ಕಳೆದುಕೊಂಡವರು ತಮ್ಮ ಪರವಾಗಿ ವಾದಿಸುವ ಶಕ್ತಿಯನ್ನೂ ಕಳೆದುಕೊಳ್ಳುತ್ತಾರೆ. ಕೋಲಾರ ಚಿನ್ನದ ಗಣಿಯ ಭಾರತ್ ಗೋಲ್ಡ್ ಮೈನ್ಸ್ ಪ್ರಕರಣದಲ್ಲಿ ನಡೆದದ್ದು ಇದೇ: ಜೀವನಾಧಾರ ಭತ್ಯೆ (ಅಮಾನತಿನ ಅವಧಿಯಲ್ಲಿ ಸಂಬಳದ ಬದಲು ಕೊಡುವ, ಅದರ ಒಂದು ಭಾಗದಷ್ಟು ಹಣ) ಸಿಗದ ಅಧಿಕಾರಿಯೊಬ್ಬರು ದೂರದ ಊರಿನಿಂದ ವಿಚಾರಣೆಗೆ ಬರಲಾಗಲಿಲ್ಲ, ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಗಿದು ಅವರನ್ನು ವಜಾ ಮಾಡಲಾಯಿತು, ಮತ್ತು 1999ರಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆಯೇ ದೋಷಪೂರಿತವೆಂದು ತೀರ್ಮಾನಿಸಿತು. ಉಳಿಸಿದ ಕೆಲವು ತಿಂಗಳ ಭತ್ಯೆಗಾಗಿ ಇಡೀ ಶಿಸ್ತು ಕ್ರಮವೇ ಬಿದ್ದುಹೋಗುವುದು ಆಡಳಿತದ ಲೆಕ್ಕದಲ್ಲಿಯೂ ನಷ್ಟವೇ. ಸ್ಥಾಯಿ ಆದೇಶಗಳ 1946ರ ಕಾಯ್ದೆಗೆ ನಂತರ ಸೇರಿಸಿದ 10ಎ ಕಲಮು ಮೊದಲ 90 ದಿನ ವೇತನದ ಶೇ 50ರಷ್ಟನ್ನೂ, ವಿಳಂಬಕ್ಕೆ ಕಾರ್ಮಿಕರು ಕಾರಣರಲ್ಲದಿದ್ದರೆ ಆಮೇಲೆ ಶೇ 75ರಷ್ಟನ್ನೂ ಭತ್ಯೆಯಾಗಿ ನಿಗದಿಪಡಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದೇ ಪ್ರಮಾಣವನ್ನು ಉಳಿಸಿಕೊಂಡಿದೆ. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯವು 2019ರಲ್ಲಿ, ಮುನ್ನೆಚ್ಚರಿಕೆಯ ಅಮಾನತಿಗೆ ಮುಂಚೆ ನೌಕರರ ಅಹವಾಲು ಕೇಳಲೇಬೇಕೆಂದಿಲ್ಲ ಎಂದಾಗ, ಪೂರ್ಣ ವೇತನ ಸಲ್ಲುತ್ತಿದ್ದರೆ ಸಾಮಾನ್ಯವಾಗಿ ಬಾಧೆ ಕಡಿಮೆ ಎಂಬುದನ್ನು ಗಣನೆಗೆ ತೆಗೆದುಕೊಂಡಿತ್ತು.

ಎದುರುವಾದವೂ ಇದೆ, ಅದನ್ನು ಮರೆಮಾಚಬಾರದು. ಬಂಧನಕ್ಕೊಳಗಾಗಿ ಗಂಭೀರ ಅಪರಾಧದ ಆರೋಪ ಹೊತ್ತ ಪೊಲೀಸ್ ನೌಕರರೊಬ್ಬರನ್ನು ಅಹವಾಲು ಕೇಳದೆ ವೇತನರಹಿತವಾಗಿ ಅಮಾನತುಗೊಳಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ ಒಪ್ಪಿತು. ಆದರೆ ಅಲ್ಲಿ ಆರೋಪಕ್ಕೆ ಆಧಾರವಿದೆಯೆಂದು ಸ್ವತಂತ್ರ ಸಂಸ್ಥೆಯೊಂದು ಆಗಲೇ ಪರಿಶೀಲಿಸಿತ್ತು. ಸಹೋದ್ಯೋಗಿಯ ಒಂದು ಮಿಂಚಂಚೆಗೆ ಅಷ್ಟು ತೂಕವಿಲ್ಲ.

ಆದೇಶ ಬರೆಯುವಾಗ ಇದು ಶಿಕ್ಷೆಯಲ್ಲವೆಂದು ಸ್ಪಷ್ಟಪಡಿಸಿ, ಆರೋಪದ ಸ್ವರೂಪ, ಭತ್ಯೆಯ ಪ್ರಮಾಣ, ಅದು ಸಂದಾಯವಾಗುವ ದಿನಾಂಕ ಮತ್ತು ಸಂಪರ್ಕಿಸಬೇಕಾದ ಅಧಿಕಾರಿಯನ್ನು ನಮೂದಿಸಿ. 'ಮುಂದಿನ ಆದೇಶದವರೆಗೆ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಮರುಪರಿಶೀಲನೆಯ ದಿನಾಂಕವನ್ನೂ ಬರೆಯಿರಿ. ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಸರ್ಕಾರಿ ನೌಕರರ ಅಮಾನತು ಮುಂದುವರಿಯಬಾರದು, ಕೊಟ್ಟಿದ್ದರೆ ವಿಸ್ತರಣೆಗೆ ಕಾರಣಸಹಿತ ಆದೇಶ ಬೇಕು ಎಂದು ಭಾರತದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದು ಖಾಸಗಿ ಸಂಸ್ಥೆಗಳಿಗೂ ಒಳ್ಳೆಯ ಅಳತೆಗೋಲು.

ಆರೋಪ ಸಾಬೀತಾಗದಿದ್ದರೆ ತಡೆಹಿಡಿದ ಬಾಕಿಯನ್ನು ನೌಕರರು ಅರ್ಜಿ ಹಾಕುವವರೆಗೆ ಕಾಯದೆ ಪಾವತಿಸಿ, ಅಮಾನತಿನ ಅವಧಿಯನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಿ. ಕೊನೆಗೆ ಲಘು ದಂಡನೆಯಷ್ಟೇ ವಿಧಿಸಿದರೂ ಅಮಾನತನ್ನು ಸಂಪೂರ್ಣ ಅಸಮರ್ಥನೀಯವೆಂದೇ ಪರಿಗಣಿಸಿ ಪೂರ್ಣ ವೇತನ ನೀಡಬೇಕೆಂದು ಭಾರತ ಸರ್ಕಾರ ತನ್ನ ಇಲಾಖೆಗಳಿಗೆ 1985ರಲ್ಲೇ ಸೂಚಿಸಿದೆ.