ಉಪ್ಪಿನಕಾಯಿ, ಹಪ್ಪಳ ಮಾರುವವರಿಗೆ ಒಂದು ಸಲಹೆ

ಶಿರಸಿ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಮಾಡಿ ಮಾರುವವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಬರೆದೆ. ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಸುಮ್ನೆ ಫೋಟೋ ಹಾಕಿದರೆ ಅಡ್ಮಿನ್ ಹತ್ತಿರ ಬೈಸಿಕೊಳ್ಳುವುದೇ ಬಂತು. ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರ ಕ್ಯಾಟಲಾಗ್‌ನಲ್ಲಿ ಫೋಟೋ, ತೂಕ, ದರ ಎಲ್ಲ ಹಾಕಿಡಿ. ‘ರೇಟಿಗೆ ಮೆಸೇಜ್ ಮಾಡಿ’ ಅನ್ನಬೇಡಿ ಮಾರಾಯ್ರೆ, ಅರ್ಧ ಗಿರಾಕಿ ಅಲ್ಲೇ ವಾಪಸ್.

ಹಳೇ ಗಿರಾಕಿಗಳದ್ದು ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ) ಮಾಡಿ. ಒಂದು ಲಿಸ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ಹೋಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಹಾಗಾಗಿ ಬಾಟಲಿ ಕೈಗೆ ಕೊಡುವಾಗಲೇ, “ನಂಬರ್ ಸೇವ್ ಮಾಡ್ಕೊಳ್ಳಿ, ಮುಂದಿನ ಸಲ ಮಿಡಿ ಹಾಕಿದಾಗ ತಿಳಿಸ್ತೇನೆ” ಅನ್ನಿ.

ಫೋಟೋಗೆ ಸ್ಟುಡಿಯೋ ಬೇಡ. ಬೆಳಗಿನ ಬೆಳಕು ಬೀಳುವ ಜಗುಲಿ, ಮುಚ್ಚಳ ತೆಗೆದ ಭರಣಿ, ಮಸಾಲೆ ಮೆತ್ತಿದ ಮಿಡಿ ಹತ್ತಿರದಿಂದ ಕಾಣಬೇಕು. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ತಯಾರಿಸಿದ ದಿನ ಇರಲಿ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ? ಆಗ ಮನೆಗೆ ಬಂದ ನೆಂಟರ ಕೈಯಲ್ಲಿ ನಿಮ್ಮ ಫೋನ್ ನಂಬರ್ ಅಂಟಿಸಿದ ಸಣ್ಣ ಪ್ಯಾಕೆಟ್ ಇಡಿ.