ಚೀಟಿಯ ಮೇಲಿನ ವಯಸ್ಸನ್ನು ಬಿಟ್ಟು ಮಗುವಿನ ಉಡುಪು ಆರಿಸುವ ಕ್ರಮ

ಮಗುವಿನ ಕಪಾಟಿನಿಂದ ‘6–9 ತಿಂಗಳು’ ಎಂಬ ಚೀಟಿಯಿರುವ ಮೂರು ಅಂಗಿಗಳನ್ನು ಆರಿಸಿ ತೆಗೆದು, ಹೆಗಲಿಗೆ ಹೆಗಲು ಕೂಡುವಂತೆ ಒಂದರ ಮೇಲೊಂದನ್ನು ಹಾಸಿ ನೋಡಿ. ಮೂರೂ ಬೇರೆ ಬೇರೆ ತಯಾರಕರವಾಗಿದ್ದರೆ ಅವುಗಳ ಕೆಳಅಂಚು ಒಂದೇ ಗೆರೆಗೆ ಬರುವುದು ಅಪರೂಪ. ನನ್ನ ಮಗಳಿಗೆ ಎಂಟು ತಿಂಗಳಾಗಿದ್ದಾಗ ನಾನು ಹೀಗೆ ಹಾಸಿ ನೋಡಿದ ಮೂರರಲ್ಲಿ ಒಂದು ಆಗಲೇ ಗಿಡ್ಡವಾಗಿತ್ತು, ಇನ್ನೊಂದು ಸರಿಯಾಗಿತ್ತು, ಮೂರನೆಯದನ್ನು ಅವಳು ವರ್ಷ ತುಂಬಿದ ಮೇಲೂ ತೊಟ್ಟಳು. ಅಂದಿನಿಂದ ನಾನು ಚೀಟಿಯ ವಯಸ್ಸನ್ನು ಅಳತೆಯೆಂದು ಓದುವುದನ್ನು ಬಿಟ್ಟು, ಮಗುವನ್ನೂ ಬಟ್ಟೆಯನ್ನೂ ಅಳೆದು ಎರಡನ್ನೂ ಸೆಂಟಿಮೀಟರುಗಳಲ್ಲಿ ಹೋಲಿಸುವ ರೂಢಿ ಮಾಡಿಕೊಂಡಿದ್ದೇನೆ. ಆ ರೂಢಿಯನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು, ವಯಸ್ಸು ಏಕೆ ಕೈಕೊಡುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಗಳ ಪ್ರಕಾರ 12 ತಿಂಗಳ ಗಂಡುಮಗುವಿನ ಮಧ್ಯಮ ಉದ್ದ 75.7 ಸೆಂ.ಮೀ., ಹೆಣ್ಣುಮಗುವಿನದು 74 ಸೆಂ.ಮೀ. ಆದರೆ ಅದೇ ಕೋಷ್ಟಕದಲ್ಲಿ ಒಂದು ವರ್ಷದ ಗಂಡುಮಗು 71 ಸೆಂ.ಮೀ. ಇದ್ದರೂ 80.5 ಸೆಂ.ಮೀ. ಇದ್ದರೂ ಸಾಮಾನ್ಯ ಮಿತಿಯೊಳಗೇ ಇದೆ ಎಂದು ಎಣಿಸಲಾಗುತ್ತದೆ. ಮಕ್ಕಳ ಉಡುಪಿನ ಒಂದು ಸೈಜಿಗೂ ಮುಂದಿನ ಸೈಜಿಗೂ ಯುರೋಪಿನ ಪದ್ಧತಿಯಲ್ಲಿ ಇರುವ ಅಂತರ 6 ಸೆಂ.ಮೀ. ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ದಿನ ಹುಟ್ಟಿದ, ಎರಡೂ ಆರೋಗ್ಯವಾಗಿರುವ ಇಬ್ಬರು ಮಕ್ಕಳಿಗೆ ಒಂದೂವರೆ ಸೈಜಿನ ವ್ಯತ್ಯಾಸ ಬೀಳುವುದು ಸಹಜವೆಂದು ತಿಳಿಯುತ್ತದೆ. ಇದು ಹೊಸ ಸಂಗತಿಯೇನಲ್ಲ. 1937ರಿಂದ 1939ರವರೆಗೆ ಅಮೆರಿಕದ ಕೃಷಿ ಇಲಾಖೆಯು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮೈಯಳತೆ ತೆಗೆಸಿದಾಗಲೇ, ಉಡುಪಿನ ಸೈಜಿಗೆ ವಯಸ್ಸಿಗಿಂತ ಎತ್ತರ ಮತ್ತು ಸೊಂಟದ ಕೆಳಗಿನ ಸುತ್ತಳತೆಗಳೇ ಉತ್ತಮ ಆಧಾರವೆಂಬುದು ಕಂಡುಬಂದಿತ್ತು. ಆದರೂ ಚೀಟಿಗಳಲ್ಲಿ ವಯಸ್ಸು ಉಳಿದುಕೊಂಡಿತು. ಕೊಳ್ಳುವವರಿಗೆ ಮಗುವಿನ ವಯಸ್ಸು ಬಾಯಲ್ಲೇ ಇರುತ್ತದೆ, ಎತ್ತರ ಇರುವುದಿಲ್ಲ ಎಂಬುದೇ ಅದಕ್ಕೆ ಕಾರಣವಿರಬೇಕು.

ಇದರ ಮೇಲೆ ತಯಾರಕರ ಸ್ವಾತಂತ್ರ್ಯವೂ ಸೇರುತ್ತದೆ. ಅಳತೆಗೆ ಸಂಬಂಧಿಸಿದ ಮಾನಕಗಳು ಸಾಮಾನ್ಯವಾಗಿ ಸ್ವಯಂಪ್ರೇರಿತವಾಗಿ ಪಾಲಿಸುವಂಥವು. ಹೀಗಾಗಿ ಪ್ರತಿಯೊಂದು ಕಂಪನಿಯೂ ತನ್ನದೇ ಮೈಯಳತೆಯ ಕೋಷ್ಟಕವನ್ನಿಟ್ಟುಕೊಂಡು, ಅದಕ್ಕೆ ತನಗೆ ಸರಿಕಂಡಷ್ಟು ಸಡಿಲು ಸೇರಿಸಿ ಬಟ್ಟೆ ಕತ್ತರಿಸುತ್ತದೆ. ‘6 ತಿಂಗಳು’ ಎಂಬ ಒಂಟಿ ಸಂಖ್ಯೆಯನ್ನು ಒಬ್ಬರು ಆರು ತಿಂಗಳವರೆಗೆ ಎಂಬರ್ಥದಲ್ಲಿ, ಇನ್ನೊಬ್ಬರು ಆರು ತಿಂಗಳಿಂದ ಮುಂದಕ್ಕೆ ಎಂಬರ್ಥದಲ್ಲಿ ಬಳಸುವುದುಂಟು. ಈ ಎರಡು ಅರ್ಥಗಳ ನಡುವೆ ಇಡೀ ಒಂದು ಸೈಜು ಕಳೆದುಹೋಗುತ್ತದೆ.

ಈಗ ಅಳತೆಯ ವಿಷಯಕ್ಕೆ ಬರೋಣ. ಹಸುಗೂಸಿಗೆ ಮೂರೇ ಅಳತೆಗಳು ಸಾಕು: ಉದ್ದ, ಎದೆಸುತ್ತಳತೆ ಮತ್ತು ನಾನು ‘ಒಡಲಸುತ್ತು’ ಎಂದು ಕರೆಯುವ ಮೂರನೆಯದೊಂದು. ಮಗು ಹೊಟ್ಟೆ ತುಂಬಿ ಮಲಗಿರುವಾಗ ಅಳೆಯುವುದು ಸುಲಭ. ಎಚ್ಚರವಾಗಿದ್ದರೆ ಟೇಪು ಮೊದಲು ಅದರ ಬಾಯಿಗೇ ಹೋಗುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಅಂಗಾತ ಮಲಗಿಸಿ, ನೆತ್ತಿಗೆ ತಾಗುವಂತೆ ಒಂದು ಪುಸ್ತಕವನ್ನೂ, ಮೊಣಕಾಲನ್ನು ಮೆಲ್ಲಗೆ ಚಾಚಿಸಿ ಅಂಗಾಲಿಗೆ ತಾಗುವಂತೆ ಇನ್ನೊಂದನ್ನೂ ನೆಟ್ಟಗೆ ನಿಲ್ಲಿಸಿ, ಮಗುವನ್ನು ಎತ್ತಿಕೊಂಡ ಮೇಲೆ ಎರಡು ಪುಸ್ತಕಗಳ ನಡುವಿನ ಅಂತರವನ್ನು ಅಳೆಯಬೇಕು. ಎರಡು ವರ್ಷ ದಾಟಿದ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಬಹುದು. ನಿಂತಾಗಿನ ಅಳತೆ ಮಲಗಿದಾಗಿನದಕ್ಕಿಂತ ಸುಮಾರು 0.7 ಸೆಂ.ಮೀ. ಕಡಿಮೆ ಬರುವುದರಿಂದ, ಮಗು ಕುಗ್ಗಿತೆಂದು ಗಾಬರಿಯಾಗಬೇಕಿಲ್ಲ. ಎದೆಸುತ್ತಳತೆಯನ್ನು ಕಂಕುಳಿನ ಕೆಳಗೆ, ಟೇಪನ್ನು ಬಿಗಿಯದೆ, ಒಂದು ಬೆರಳು ತೂರುವಷ್ಟು ಸಡಿಲಬಿಟ್ಟು ತೆಗೆಯಬೇಕು.

ಒಡಲಸುತ್ತನ್ನು ಬಹಳ ಜನ ಅಳೆಯುವುದೇ ಇಲ್ಲ, ಆದರೆ ಕಾಲ್ಸಂದಿನಲ್ಲಿ ಟಿಚ್ ಬಟನ್ ಹಾಕುವ ಬಾಡಿಸೂಟು ಮತ್ತು ರಾಂಪರುಗಳ ವಿಷಯದಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಅದೇ. ಕತ್ತಿನ ಬುಡದಲ್ಲಿ ಹೆಗಲ ಮೇಲಿನ ಒಂದು ಬಿಂದುವಿನಿಂದ ಟೇಪನ್ನು ಇಳಿಸಿ, ಹೊಟ್ಟೆಯ ಮೇಲಿಂದ ಕಾಲ್ಸಂದಿನ ಮೂಲಕ ಹಾಯಿಸಿ, ಬೆನ್ನ ಮೇಲಿಂದ ಮತ್ತೆ ಅದೇ ಬಿಂದುವಿಗೆ ತರಬೇಕು. ಮಗು ದಿನವೂ ತೊಡುವ ಡೈಪರನ್ನು ತೊಡಿಸಿಯೇ ಅಳೆಯಬೇಕೆಂಬುದು ಮುಖ್ಯ, ಏಕೆಂದರೆ ಒಗೆದು ಬಳಸುವ ಬಟ್ಟೆಯ ಡೈಪರು ಬಿಸಾಡುವ ಡೈಪರಿಗಿಂತ ಬಹಳ ದಪ್ಪವಾಗಿದ್ದು, ಎದೆಗೂ ತೋಳಿಗೂ ಸರಿಹೊಂದುವ ಉಡುಪನ್ನು ಬುಡದಲ್ಲಿ ಸಾಲದಂತೆ ಮಾಡಿಬಿಡುತ್ತದೆ. ಹೆಗಲ ಮೇಲೆ ಕೆಂಪು ಗೆರೆ ಮೂಡಿದ್ದರೆ ಅಥವಾ ಗುಂಡಿಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದರೆ, ಉಡುಪಿನ ಅಗಲ ಎಷ್ಟೇ ಧಾರಾಳವಾಗಿರಲಿ, ಒಡಲಸುತ್ತು ಸಾಲುತ್ತಿಲ್ಲವೆಂದೇ ಅರ್ಥ. ನಡೆದಾಡುವ ಮಕ್ಕಳಿಗೆ ಇದರ ಬದಲು ಸೊಂಟದ ಸುತ್ತಳತೆಯನ್ನೂ, ಕಾಲ್ಸಂದಿನಿಂದ ಹರಡಿನವರೆಗಿನ ಒಳಗಾಲಿನ ಉದ್ದವನ್ನೂ ಬರೆದುಕೊಂಡರಾಯಿತು.

ಮೈಯಳತೆಯಷ್ಟೇ ಸಾಲದು, ಬಟ್ಟೆಯನ್ನೂ ಅಳೆಯಬೇಕು. ಈಗ ಮಗುವಿಗೆ ಚೆನ್ನಾಗಿ ಹೊಂದುವ, ಹಲವು ಬಾರಿ ಒಗೆದ ಒಂದು ಅಂಗಿಯನ್ನೂ ಒಂದು ಪ್ಯಾಂಟನ್ನೂ ಮಾದರಿಯಾಗಿ ಆರಿಸಿಕೊಳ್ಳಿ. ಅಂಗಿಯ ಗುಂಡಿಗಳನ್ನು ಹಾಕಿ, ಸುಕ್ಕು ಬಿಡಿಸಿ, ಎಳೆಯದೆ ಸಮತಲದ ಮೇಲೆ ಹಾಸಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದು ದ್ವಿಗುಣಗೊಳಿಸಿದರೆ ಎದೆಯ ಸುತ್ತು ಸಿಗುತ್ತದೆ. ಬಾಡಿಸೂಟಿನಲ್ಲಿ ಹೆಗಲ ಮೇಲ್ತುದಿಯಿಂದ ಗುಂಡಿಸಾಲಿನವರೆಗಿನ ಉದ್ದವನ್ನು ದ್ವಿಗುಣಗೊಳಿಸಿದರೆ ಸರಿಸುಮಾರು ಒಡಲಸುತ್ತು ಬರುತ್ತದೆ. ಪ್ಯಾಂಟಿನ ಸೊಂಟವನ್ನು ಎಲಾಸ್ಟಿಕ್ ಸಹಜವಾಗಿರುವಾಗ ಒಮ್ಮೆ, ಪೂರ್ತಿ ಎಳೆದಾಗ ಇನ್ನೊಮ್ಮೆ ಅಳೆಯಬೇಕು. ಇದಿಷ್ಟನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ, ಅಂಗಡಿಯಲ್ಲಿ ಮಗು ಜೊತೆಗಿಲ್ಲದಿದ್ದರೂ ಯಾವ ಉಡುಪನ್ನಾದರೂ ತೀರ್ಮಾನಿಸಬಹುದು.

ಎಷ್ಟು ಸಡಿಲು ಬೇಕೆಂಬುದು ಬಟ್ಟೆಯ ಜಾತಿಯನ್ನು ಅವಲಂಬಿಸಿದೆ. ಬನಿಯನ್ನಿನಂತೆ ಹಿಗ್ಗುವ ಹೆಣಿಗೆಯ ಬಟ್ಟೆಯಾದರೆ ಮಗುವಿನ ಎದೆಸುತ್ತಳತೆಗಿಂತ ನಾಲ್ಕೈದು ಸೆಂ.ಮೀ. ಹೆಚ್ಚಿದ್ದರೆ ಸಾಕು, ಹಿಗ್ಗದ ನೇಯ್ಗೆಯ ಬಟ್ಟೆಗೆ ನಾನು ಎಂಟರಿಂದ ಹತ್ತು ಸೆಂ.ಮೀ. ಲೆಕ್ಕ ಹಾಕುತ್ತೇನೆ, ಏಕೆಂದರೆ ತೊಡಿಸುವಾಗ ಮಗುವಿನ ಕೈ ಮಡಚಿಕೊಂಡೇ ತೋಳಿನೊಳಗೆ ಹೋಗಬೇಕು. ಕತ್ತಿನ ವಿಷಯ ಇನ್ನೂ ಸೂಕ್ಷ್ಮ. ಹುಟ್ಟಿದ ಮಗುವಿನ ತಲೆ ಇಡೀ ಉದ್ದದ ಸುಮಾರು ಕಾಲು ಭಾಗದಷ್ಟಿರುವುದರಿಂದ, ಹೆಗಲ ಮೇಲೆ ಒಂದರ ಮೇಲೊಂದು ಹೊದ್ದುಕೊಳ್ಳುವ ಕತ್ತಾಗಲಿ ಗುಂಡಿಯಿರುವ ಹೆಗಲಾಗಲಿ ಇಲ್ಲದ ಅಂಗಿಯನ್ನು, ಅದರ ಸೈಜು ಸರಿಯಿದ್ದರೂ, ನಾನು ಕೊಳ್ಳುವುದಿಲ್ಲ.

ಆನ್‌ಲೈನಿನಲ್ಲಿ ಕೊಳ್ಳುವಾಗ ಹೆಚ್ಚಿನವರು ಎಡವುವುದು ಸೈಜಿನ ಕೋಷ್ಟಕವನ್ನು ಓದುವಲ್ಲಿ. ಕೋಷ್ಟಕಗಳು ಎರಡು ಬಗೆಯವು: ಕೆಲವು ಮಗುವಿನ ಮೈಯಳತೆಯನ್ನು ಕೊಡುತ್ತವೆ, ಕೆಲವು ಹೊಲಿದು ಮುಗಿಸಿದ ಬಟ್ಟೆಯ ಅಳತೆಯನ್ನು ಕೊಡುತ್ತವೆ. ‘ಎದೆ 48 ಸೆಂ.ಮೀ.’ ಎಂದಿದ್ದಾಗ ಅದು ಮೈಯಳತೆಯಾಗಿದ್ದರೆ 48 ಸೆಂ.ಮೀ. ಎದೆಯ ಮಗುವಿಗೆ ಆ ಉಡುಪು ಹೇಳಿ ಹೊಲಿಸಿದಂತೆ ಕೂರುತ್ತದೆ. ಬಟ್ಟೆಯ ಅಳತೆಯಾಗಿದ್ದರೆ ಅದೇ ಮಗುವಿಗೆ ಉಸಿರಾಡಲೂ ಎಡೆಯಿರುವುದಿಲ್ಲ. ಕೋಷ್ಟಕದಲ್ಲಿ ಎತ್ತರ ಅಥವಾ ತೂಕ ಇದ್ದರೆ ಅದು ಮೈಯಳತೆ. ಹೆಗಲ ಅಗಲ, ಅಂಗಿಯ ಉದ್ದ, ಕೆಳಅಂಚಿನ ಅಗಲ ಇತ್ಯಾದಿ ಇದ್ದರೆ ಅದು ಬಟ್ಟೆಯ ಅಳತೆ ಎಂದು ಊಹಿಸಬಹುದು. ಎರಡೂ ಕಲಸಿಹೋಗಿದ್ದರೆ ಮಾರಾಟಗಾರರನ್ನು ಒಂದೇ ಪ್ರಶ್ನೆ ಕೇಳಿ: ಬಟ್ಟೆಯನ್ನು ಹಾಸಿದಾಗ ಕಂಕುಳಿನಿಂದ ಕಂಕುಳಿಗೆ ಎಷ್ಟು? ಉತ್ತರ ಬಾರದಿದ್ದರೆ ಹಿಂತಿರುಗಿಸುವ ಸೌಲಭ್ಯವಿಲ್ಲದ ಕಡೆ ಕೊಳ್ಳದಿರುವುದೇ ಲೇಸು.

ಚೀಟಿಯ ಮೇಲೆ 62, 68, 74, 80, 86 ಎಂಬ ಸಂಖ್ಯೆಗಳಿದ್ದರೆ ನಿಮ್ಮ ಕೆಲಸ ಹಗುರ. ಅವು ಇಎನ್ 13402 ಎಂಬ ಯುರೋಪಿನ ಮಾನಕದ ಕ್ರಮದಲ್ಲಿ ಸೆಂಟಿಮೀಟರುಗಳಲ್ಲಿ ಕೊಟ್ಟ ಮಗುವಿನ ಎತ್ತರಗಳು, ಬಟ್ಟೆಯ ಉದ್ದವಲ್ಲ. ಇಲ್ಲಿಯೂ ಒಂದು ತೊಡಕಿದೆ: ಕೆಲವರು 80 ಎಂಬುದನ್ನು 80ರ ಆಸುಪಾಸು ಎಂಬರ್ಥದಲ್ಲಿ, ಕೆಲವರು 80ರವರೆಗೆ ಎಂಬರ್ಥದಲ್ಲಿ ಬರೆಯುತ್ತಾರೆ. ಆದುದರಿಂದ ಮಗು ಸರಿಯಾಗಿ 80 ಸೆಂ.ಮೀ. ಮುಟ್ಟಿದ್ದರೆ 86ನ್ನೇ ಆರಿಸುವುದು ಕ್ಷೇಮ. ಅಮೆರಿಕದ ಚೀಟಿಗಳಲ್ಲಿ ‘24 ತಿಂಗಳು’ ಮತ್ತು ‘2ಟಿ’ ಎಂದು ಎರಡೂ ಇರುವುದು ಹಲವರನ್ನು ಗೊಂದಲಕ್ಕೆ ದೂಡುತ್ತದೆ. ಎರಡೂ ಎರಡು ವರ್ಷವೇ ಆದರೂ, ಸಾಮಾನ್ಯವಾಗಿ ತಿಂಗಳಿನ ಸೈಜಿನಲ್ಲಿ ಡೈಪರಿಗೆ ಎಡೆ ಬಿಟ್ಟಿರುತ್ತಾರೆ, ‘ಟಿ’ ಸೈಜನ್ನು ನಡೆದಾಡುವ ಮಗುವಿನ ತೆಳ್ಳನೆಯ, ನೀಳವಾದ ಮೈಗೆಂದು ಕತ್ತರಿಸಿರುತ್ತಾರೆ.

ಒಂದೇ ಕಂಪನಿಯ, ಒಂದೇ ಸೈಜಿನ ಎರಡು ಬಣ್ಣದ ಅಂಗಿಗಳೂ ಹೊಂದದಿರುವುದುಂಟು. ಬಟ್ಟೆಯನ್ನು ಹಲವು ಪದರಗಳಾಗಿ ಪೇರಿಸಿ ಒಟ್ಟಿಗೆ ಕತ್ತರಿಸುವುದು, ಹೆಣಿಗೆಯ ಬಟ್ಟೆ ಕತ್ತರಿಸಿದ ಮೇಲೆ ಕುಗ್ಗುವುದು, ಬೇರೆ ಬೇರೆ ಕಾರ್ಖಾನೆಗಳಲ್ಲಿ ಹೊಲಿಸುವುದು, ಇವೆಲ್ಲ ಸೇರಿ ಒಂದೆರಡು ಸೆಂಟಿಮೀಟರು ಆಚೀಚೆಯಾಗುತ್ತದೆ. ದೊಡ್ಡವರ ಅಂಗಿಯಲ್ಲಿ ಎರಡು ಸೆಂ.ಮೀ. ಲೆಕ್ಕಕ್ಕೆ ಬರುವುದಿಲ್ಲ, ಹಸುಗೂಸಿನ ಅಂಗಿಯಲ್ಲಿ ಅದು ದೊಡ್ಡ ವ್ಯತ್ಯಾಸವೇ. ಜೊತೆಗೆ ಒಗೆತವನ್ನೂ ನೆನಪಿಡಬೇಕು: ಹತ್ತಿಯ ಹೆಣಿಗೆಯ ಬಟ್ಟೆ ಮೊದಲ ಕೆಲವು ಒಗೆತಗಳಲ್ಲಿ ಶೇ. 5ರಷ್ಟು ಕುಗ್ಗುವುದು ಸಾಮಾನ್ಯ. 40 ಸೆಂ.ಮೀ. ಉದ್ದದ ಅಂಗಿಗೆ ಅದು 2 ಸೆಂ.ಮೀ., ಯಂತ್ರದ ಬಿಸಿಗಾಳಿಯಲ್ಲಿ ಒಣಗಿಸಿದರೆ ಇನ್ನೂ ಹೆಚ್ಚು. ಒಗೆದ ಮಾದರಿ ಅಂಗಿಯ ಪಕ್ಕದಲ್ಲಿ ಹೊಸ ಅಂಗಿಯನ್ನಿಟ್ಟು ‘ಸರಿಯಾಗಿದೆ’ ಎನ್ನುವ ಬದಲು, ಹೊಸದು ಉದ್ದದಲ್ಲಿ ಎರಡು ಬೆರಳಿನಷ್ಟು ಹೆಚ್ಚಿದೆಯೇ ಎಂದು ನೋಡುವುದು ಉತ್ತಮ.

ಎಷ್ಟು ದೊಡ್ಡದನ್ನು ಕೊಳ್ಳಬೇಕೆಂಬುದಕ್ಕೆ ಬೆಳವಣಿಗೆಯ ವೇಗವೇ ಉತ್ತರ ಕೊಡುತ್ತದೆ. ಮೊದಲಿನ ಆರು ತಿಂಗಳಲ್ಲಿ ಮಗು ಸುಮಾರು 17 ಸೆಂ.ಮೀ. ಬೆಳೆಯುತ್ತದೆ, ನಂತರದ ಆರು ತಿಂಗಳಲ್ಲಿ 8, ಎರಡನೆಯ ವರ್ಷವಿಡೀ ಸುಮಾರು 12. ಅಂದರೆ ಆರಂಭದಲ್ಲಿ ಎರಡು ತಿಂಗಳಿಗೊಂದು ಸೈಜು, ಎರಡನೆಯ ವರ್ಷದಲ್ಲಿ ಆರು ತಿಂಗಳಿಗೊಂದು ಸೈಜು. ನವಜಾತ ಸೈಜಿನ ಉಡುಪುಗಳನ್ನು ಡಜನ್ನುಗಟ್ಟಲೆ ಕೊಂಡಿಡುವುದು ವ್ಯರ್ಥ. ಉಡುಗೊರೆ ಕೊಡುವವರು ಮಗು ಹುಟ್ಟಿದ ದಿನವನ್ನಲ್ಲ, ಈಗಿನ ಉದ್ದವನ್ನು ಕೇಳಿ, ಅದನ್ನು ತೊಡುವ ಋತುವಿನ ಹೊತ್ತಿಗೆ ಎಷ್ಟಾಗಬಹುದೆಂದು ಈ ಲೆಕ್ಕದಲ್ಲಿ ಕೂಡಿಸಿಕೊಂಡರೆ, ಚಳಿಗಾಲದ ಉಡುಪು ಬೇಸಗೆಯಲ್ಲಿ ಸರಿಹೋಗುವ ಪೇಚು ತಪ್ಪುತ್ತದೆ.

ರಾತ್ರಿಯುಡುಪಿನಲ್ಲಿ ಮಾತ್ರ ‘ಬೆಳೆಯಲಿ’ ಎಂದು ದೊಡ್ಡದನ್ನು ಕೊಳ್ಳಬಾರದು. ಅಮೆರಿಕದ ನಿಯಮದಂತೆ ಒಂಬತ್ತು ತಿಂಗಳ ಸೈಜಿಗಿಂತ ದೊಡ್ಡ ಮಕ್ಕಳ ರಾತ್ರಿಯುಡುಪು ಒಂದೋ ಬೇಗ ಬೆಂಕಿ ಹಿಡಿಯದಂಥದ್ದಾಗಿರಬೇಕು, ಇಲ್ಲವೇ ಮೈಗೆ ಅಂಟಿಕೊಳ್ಳುವಷ್ಟು ಬಿಗಿಯಾಗಿರಬೇಕು. ಸಡಿಲ ಬಟ್ಟೆ ಬೆಂಕಿಗೆ ಸುಲಭವಾಗಿ ತಾಗುತ್ತದೆ, ಒಳಗೆ ಗಾಳಿಯಾಡಿ ಬೇಗ ಹೊತ್ತಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ಕಾರಣ. ಆ ಮಾರುಕಟ್ಟೆಗೆಂದು ಹೊಲಿದ ಹತ್ತಿಯ ರಾತ್ರಿಯುಡುಪು ಹಗಲಿನ ಅಂಗಿಗಿಂತ ಒಂದು ಸೈಜು ಚಿಕ್ಕದಾಗಿ ಕಾಣುವುದು ಇದರಿಂದಲೇ. ಅದು ತಯಾರಕರ ತಪ್ಪಲ್ಲ. ಮಗುವನ್ನು ಒಳಗಿಟ್ಟು ಮಲಗಿಸುವ ಚೀಲದಂಥ ಹೊದಿಕೆಯಂತೂ ಕತ್ತಿನಲ್ಲಿ ಮತ್ತು ಕಂಕುಳಲ್ಲಿ ಸರಿಯಾಗಿ ಕೂರಲೇಬೇಕು, ಏಕೆಂದರೆ ಅದು ದೊಡ್ಡದಾದರೆ ಮಗು ಒಳಗೆ ಜಾರಿ ಮುಖ ಮುಚ್ಚಿಹೋಗುವ ಅಪಾಯವಿದೆ. ಪಾದ ಸೇರಿಸಿ ಹೊಲಿದ ಉಡುಪಿನಲ್ಲಿ ಕಾಲು ಚಾಚಿದಾಗ ಬೆರಳುಗಳು ಮಡಚಿಕೊಳ್ಳುತ್ತಿದ್ದರೆ ಆ ಉಡುಪಿನ ಕಾಲ ಮುಗಿದಿದೆ. ಪಾದದ ಭಾಗವನ್ನು ಕತ್ತರಿಸಿ ಅಂಚು ಹೊಲಿದರೆ ಇನ್ನೂ ಕೆಲವು ವಾರ ಬಳಸಬಹುದು.

ಹಗಲಿನ ಉಡುಪು ದೊಡ್ಡದಾದರೆ ದಾರಿಗಳು ಬಹಳ. ಪ್ಯಾಂಟಿನ ಕಾಲನ್ನು ಒಳಮಡಚಿ ಕೈಯಲ್ಲೇ ದೂರದೂರದ ಹೊಲಿಗೆ ಹಾಕಿದರೆ ಬೇಕಾದಾಗ ಬಿಚ್ಚಬಹುದು. ಸೊಂಟದಲ್ಲಿ ಒಳಗಡೆ ಗುಂಡಿಯೂ ಕಾಜಗಳಿರುವ ಎಲಾಸ್ಟಿಕ್ಕೂ ಇರುವ ಪ್ಯಾಂಟುಗಳನ್ನು ಹುಡುಕಿ ಕೊಂಡರೆ ತೆಳ್ಳಗಿನ ಮಕ್ಕಳಿಗೆ ಎರಡು ವರ್ಷ ಬಾಳುತ್ತವೆ. ಬಾಡಿಸೂಟು ಬುಡದಲ್ಲಿ ಸಾಲದಾದಾಗ ಗುಂಡಿಸಾಲಿಗೆ ಜೋಡಿಸುವ ಚಿಕ್ಕ ಬಟ್ಟೆಯ ತುಂಡುಗಳು ಸಿಗುತ್ತವೆ, ಆದರೆ ಕೊಳ್ಳುವ ಮುನ್ನ ಗುಂಡಿಗಳ ಸಂಖ್ಯೆ ಮತ್ತು ಅವುಗಳ ನಡುವಿನ ಅಂತರ ಹೊಂದುತ್ತದೆಯೇ ಎಂದು ನೋಡಬೇಕು. ಇಲ್ಲಿಯೂ ಒಬ್ಬರದು ಇನ್ನೊಬ್ಬರದಕ್ಕೆ ಹೊಂದುವ ಭರವಸೆಯಿಲ್ಲ.

ಕೊನೆಯದಾಗಿ ಕಪಾಟಿನ ವಿಷಯ. ಒಗೆದು ಒಣಗಿಸಿದ ಪ್ರತಿಯೊಂದು ಉಡುಪಿನ ಚೀಟಿಯ ಹಿಂಬದಿಯಲ್ಲಿ, ಅಳಿಸಿಹೋಗದ ಶಾಯಿಯ ಪೆನ್ನಿನಿಂದ ಅದರ ನಿಜವಾದ ಎದೆಯ ಸುತ್ತನ್ನೂ ಉದ್ದವನ್ನೂ ಬರೆದಿಡಿ. ಪೇರಿಸುವಾಗ ಚೀಟಿಯ ವಯಸ್ಸನ್ನು ನೋಡದೆ ಈ ಅಳತೆಯ ಕ್ರಮದಲ್ಲೇ ಪೇರಿಸಿ. ಅಕ್ಕನಿಂದ ತಂಗಿಗೆ, ನೆಂಟರ ಮನೆಯಿಂದ ನಿಮ್ಮ ಮನೆಗೆ ಬರುವ, ಚೀಟಿ ಸವೆದುಹೋದ ಬಟ್ಟೆಗಳಿಗೂ ಆಗ ತಮ್ಮದೇ ಜಾಗ ಸಿಗುತ್ತದೆ.