ಇನ್‌ಫೆಕ್ಷನ್ ಕಂಟ್ರೋಲ್ ಡ್ಯೂಟಿಗೆ ಬೇಕಾದಷ್ಟು ಸ್ಟ್ಯಾಟಿಸ್ಟಿಕ್ಸ್: ವಾರ್ಡ್ ರಿಜಿಸ್ಟರ್‌ನಿಂದಲೇ ಕಲಿಯಿರಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಆಸ್ಪತ್ರೆಗಳಲ್ಲಿ ಇನ್‌ಫೆಕ್ಷನ್ ಕಂಟ್ರೋಲ್ ಕೆಲಸ ಹೊಸದಾಗಿ ಹೆಗಲಿಗೆ ಬಿದ್ದಿರುವ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ. ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಕೂಡುವುದು, ಭಾಗಿಸುವುದು ಬಂದರೆ ಮುಕ್ಕಾಲು ಕೆಲಸ ಆದಂತೆ. ಉಳಿದ ಕಾಲು ಭಾಗ ಸರಿಯಾಗಿ ಎಣಿಸುವುದರಲ್ಲಿದೆ, ಕಷ್ಟ ಇರುವುದೂ ಅಲ್ಲೇ.

ಮೊದಲು ಹಿಡಿಯಬೇಕಾದ್ದು ಡಿನಾಮಿನೇಟರ್, ಅಂದರೆ ಕೆಳಗಿನ ಸಂಖ್ಯೆ. "ಈ ತಿಂಗಳು 3 ಸೋಂಕು ಆಯಿತು" ಅಂದರೆ ಏನೂ ಹೇಳಿದಂತಾಗಲಿಲ್ಲ. ಎಷ್ಟರಲ್ಲಿ 3? ದಿನಾ ಒಂದೇ ಹೊತ್ತಿಗೆ ವಾರ್ಡ್ ಸುತ್ತಿ, ಮೂತ್ರದ ಕ್ಯಾಥೆಟರ್ (ಮೂತ್ರ ಹೊರತರುವ ನಳಿಕೆ) ಇರುವ ರೋಗಿಗಳನ್ನು ಎಣಿಸಿ ಬರೆದಿಡಿ. ತಿಂಗಳ ಕೊನೆಗೆ ಎಲ್ಲ ಕೂಡಿದರೆ ಬರುವುದೇ ಕ್ಯಾಥೆಟರ್ ದಿನಗಳು. ಸೋಂಕಿನ ಸಂಖ್ಯೆಯನ್ನು ಅದರಿಂದ ಭಾಗಿಸಿ, 1000ದಿಂದ ಗುಣಿಸಿ. ಒಂದು ಐಸಿಯುನಲ್ಲಿ 250 ಕ್ಯಾಥೆಟರ್ ದಿನಗಳಿಗೆ 3 ಸೋಂಕು, ಇನ್ನೊಂದರಲ್ಲಿ 1000 ದಿನಗಳಿಗೆ 5 ಅಂದುಕೊಳ್ಳಿ. ಬರೀ ಎಣಿಕೆ ನೋಡಿದರೆ ಎರಡನೆಯದೇ ಕೆಟ್ಟದ್ದು ಅನಿಸುತ್ತೆ, ಅಲ್ವಾ? ಭಾಗಿಸಿ ನೋಡಿದರೆ ಮೊದಲನೆಯದು 1000ಕ್ಕೆ 12, ಎರಡನೆಯದು 1000ಕ್ಕೆ 5. ಸೆಂಟ್ರಲ್ ಲೈನ್‌ಗೆ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಲೈನ್ ದಿನಗಳು, ವೆಂಟಿಲೇಟರ್‌ಗೆ ವೆಂಟಿಲೇಟರ್ ದಿನಗಳು, ಲೆಕ್ಕ ಅದೇ. ಆಪರೇಷನ್ ಗಾಯದ ಸೋಂಕನ್ನು ಮಾತ್ರ 100 ಆಪರೇಷನ್‌ಗೆ ಎಷ್ಟು ಅಂತ ಹೇಳುತ್ತಾರೆ.

ಇನ್ಸಿಡೆನ್ಸ್, ಪ್ರಿವೆಲೆನ್ಸ್ ಅನ್ನುವ ಎರಡು ಮಾತುಗಳಲ್ಲಿ ಹೊಸಬರು ತುಂಬಾ ತಡವರಿಸುತ್ತಾರೆ. ನಮ್ಮ ಭಾಗದವರಿಗೆ ಇದು ಸುಲಭವಾಗಬೇಕು. ಮಳೆಗಾಲದಲ್ಲಿ ತುಂಗಭದ್ರಾ (ಟಿಬಿ) ಡ್ಯಾಂ ಸುದ್ದಿ ಓದುವಾಗ ಎರಡು ಲೆಕ್ಕ ನೋಡುತ್ತೀರಿ. ಇವತ್ತು ಎಷ್ಟು ಟಿಎಂಸಿ ನೀರು ನಿಂತಿದೆ ಅನ್ನೋದು ಒಂದು, ಒಳಹರಿವು ಎಷ್ಟು ಕ್ಯೂಸೆಕ್ ಅನ್ನೋದು ಇನ್ನೊಂದು. ಇವತ್ತು ವಾರ್ಡಿನಲ್ಲಿ ಒಟ್ಟು ಎಷ್ಟು ಜನಕ್ಕೆ ಸೋಂಕಿದೆ ಅನ್ನುವುದು ಪ್ರಿವೆಲೆನ್ಸ್, ಅದು ನಿಂತ ನೀರು. ಹೊಸ ಸೋಂಕು ಯಾವ ವೇಗದಲ್ಲಿ ಬರುತ್ತಿದೆ ಅನ್ನುವುದು ಇನ್ಸಿಡೆನ್ಸ್, ಅದು ಒಳಹರಿವು. ತಡೆಯುವ ಕೆಲಸ ಸರಿ ನಡೀತಿದೆಯಾ ಅಂತ ತಿಳಿಯಲು ಒಳಹರಿವನ್ನೇ ನೋಡಬೇಕು.

ಈಗ ಮೇಲಿನ ಸಂಖ್ಯೆ. ಯಾವುದನ್ನು ಸೋಂಕು ಅಂತ ಎಣಿಸುತ್ತೀರಿ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ, ಮಧ್ಯದಲ್ಲಿ ಬದಲಿಸಬೇಡಿ. ಉದಾಹರಣೆಗೆ, ಕ್ಯಾಥೆಟರ್‌ನಿಂದಾದ ಮೂತ್ರದ ಸೋಂಕು ಅನ್ನಬೇಕಾದರೆ ಅದು ಕ್ಯಾಥೆಟರ್ ಹಾಕಿ ಎರಡು ದಿನ ದಾಟಿದ ಮೇಲೆ ಶುರುವಾಗಿರಬೇಕು. ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಅಂತ ನೋಡುವ ಲ್ಯಾಬ್ ಪರೀಕ್ಷೆ) ಪಾಸಿಟಿವ್ ಬಂದಿದೆ, ಆದರೆ ಜ್ವರ ಇಲ್ಲ, ನೋವಿಲ್ಲ, ಬೇರೆ ಲಕ್ಷಣವೂ ಇಲ್ಲ ಅಂದರೆ ಅದನ್ನು ಸಾಮಾನ್ಯವಾಗಿ ಮೂತ್ರದ ಸೋಂಕು ಅಂತ ಸೇರಿಸುವುದಿಲ್ಲ. ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ: ಕಲ್ಚರ್ ಕಳಿಸದ ವಾರ್ಡಿನಲ್ಲಿ ಸೋಂಕು ಕಾಣುವುದೇ ಇಲ್ಲ. ಹಾಗಾಗಿ ದರದ ಪಕ್ಕದಲ್ಲೇ ಆ ತಿಂಗಳು ಎಷ್ಟು ಕಲ್ಚರ್ ಹೋಗಿದೆ ಅಂತಲೂ ಬರೆಯಿರಿ. ದರ ಇಳಿದಿದೆ, ಕಲ್ಚರ್ ಸಂಖ್ಯೆಯೂ ಇಳಿದಿದೆ ಅಂದರೆ ಖುಷಿ ಪಡುವ ಹಾಗಿಲ್ಲ.

ಸಿಸೇರಿಯನ್ ಗಾಯದ ಲೆಕ್ಕದಲ್ಲಿ ನಮ್ಮ ಕಡೆ ದೊಡ್ಡ ತೂತಿದೆ. ರಾಯಚೂರಿನಲ್ಲಿ ಹೆರಿಗೆ ಆಗುತ್ತದೆ, ಕೆಲವೇ ದಿನಕ್ಕೆ ಡಿಸ್ಚಾರ್ಜ್ ಆಗಿ ಬಾಣಂತಿ ಲಿಂಗಸುಗೂರಿನ ಕಡೆಯೋ ಕುಷ್ಟಗಿಯ ಕಡೆಯೋ ತವರಿಗೆ ಹೋಗುತ್ತಾಳೆ, ಹತ್ತನೇ ದಿನ ಹೊಲಿಗೆಯಲ್ಲಿ ಕೀವು ಕಂಡರೆ ಅಲ್ಲೇ ಹತ್ತಿರದ ಕ್ಲಿನಿಕ್‌ಗೆ ತೋರಿಸಿಕೊಳ್ಳುತ್ತಾಳೆ, ನಮ್ಮ ರಿಜಿಸ್ಟರ್‌ನಲ್ಲಿ ಮಾತ್ರ ಸೊನ್ನೆ ಅಂತ ಇರುತ್ತದೆ. ಈ ಗಾಯವನ್ನು 30 ದಿನ ಗಮನಿಸಬೇಕು ಅಂತ ನಿಯಮ. ಡಿಸ್ಚಾರ್ಜ್ ಹೊತ್ತಿಗೆ ಗಂಡನ ನಂಬರ್ ಒಂದೇ ಸಾಲದು, ತವರಿನ ನಂಬರ್ ತಗೊಳ್ಳಿ, ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು. ಎಷ್ಟು ಜನ ಫೋನಿಗೆ ಸಿಕ್ಕರು ಅನ್ನುವುದನ್ನೂ ವರದಿಯಲ್ಲಿ ಹಾಕಿ. 80 ಆಪರೇಷನ್‌ನಲ್ಲಿ 50 ಜನ ಮಾತ್ರ ಸಿಕ್ಕಿದ್ದರೆ, ಉಳಿದ 30 ಜನ ಚೆನ್ನಾಗಿದ್ದಾರೆ ಅಂತ ನಾವೇ ಊಹಿಸಿಕೊಳ್ಳುವಂತಿಲ್ಲ.

ಮುಂದಿನ ಪಾಠ ಸಣ್ಣ ಸಂಖ್ಯೆಗಳದ್ದು. ನನ್ನ ಪ್ರಕಾರ ಸಣ್ಣ ಆಸ್ಪತ್ರೆಯವರಿಗೆ ಇದಕ್ಕಿಂತ ಮುಖ್ಯವಾದ ಪಾಠ ಇಲ್ಲ. 400 ಕ್ಯಾಥೆಟರ್ ದಿನಗಳಲ್ಲಿ 2 ಸೋಂಕು ಅಂದರೆ ದರ 1000ಕ್ಕೆ 5. ಆದರೆ ಇದರ ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ದರ ಇರಬಹುದಾದ ವ್ಯಾಪ್ತಿ, ಹಾಕಿದರೆ ಸುಮಾರು 0.6ರಿಂದ 18ರವರೆಗೆ ಬರುತ್ತದೆ. ಅಂದರೆ ಇಷ್ಟು ಕಡಿಮೆ ಮಾಹಿತಿಯಿಂದ ವಾರ್ಡ್ ತುಂಬಾ ಚೆನ್ನಾಗಿದೆ ಅಂತಲೂ ಹೇಳಲಾಗದು, ಕೆಟ್ಟಿದೆ ಅಂತಲೂ ಹೇಳಲಾಗದು. ಮುಂದಿನ ತಿಂಗಳು 2 ಇದ್ದದ್ದು 4 ಆಯಿತು ಅಂತ ಸಿಸ್ಟರ್‌ಗಳನ್ನು ನಿಲ್ಲಿಸಿ ಬೈದರೆ ಅದು ಅನ್ಯಾಯ. ಆದರೂ ಆ ನಾಲ್ಕೂ ಕೇಸ್ ಶೀಟ್ ತೆಗೆದು ಓದಲೇಬೇಕು, ಅದು ಬೇರೆ ವಿಷಯ.

ಸೊನ್ನೆಗೂ ಒಂದು ಸುಲಭ ಲೆಕ್ಕ ಇದೆ. 60 ಆಪರೇಷನ್ ಆಗಿದೆ, ಒಂದೂ ಸೋಂಕಿಲ್ಲ ಅನ್ನಿ. 3ನ್ನು 60ರಿಂದ ಭಾಗಿಸಿ. ಶೇ. 5. ನಿಜವಾದ ದರ ಅಷ್ಟರವರೆಗೂ ಇರಬಹುದು. ಇಂಟರ್ವಲ್ ಲೆಕ್ಕವನ್ನು ಕೈಯಲ್ಲಿ ಮಾಡಬೇಕಿಲ್ಲ. ಓಪನ್‌ಎಪಿ (OpenEpi) ಅನ್ನುವ ಲೆಕ್ಕದ ವೆಬ್‌ಸೈಟ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಎರಡು ಸಂಖ್ಯೆ ಹಾಕಿದರೆ ಸಾಕು.

ತಿಂಗಳ ದರಗಳನ್ನು ಗ್ರಾಫ್ ಹಾಳೆಯಲ್ಲಿ ಸಾಲಾಗಿ ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಒಂದು ವರ್ಷದಷ್ಟಾದರೂ ಇರಲಿ. ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದರೆ ಮೀಡಿಯನ್, 12 ತಿಂಗಳಿದ್ದರೆ ನಡುವಿನ ಎರಡರ ಸರಾಸರಿ. ಆ ಗೆರೆಯನ್ನು ಅಡ್ಡ ಎಳೆಯಿರಿ. ಸತತ 6 ಚುಕ್ಕಿ ಒಂದೇ ಬದಿಗೆ ಬಿದ್ದರೆ ಏನೋ ಬದಲಾಗಿದೆ ಅಂತ ತಿಳಿಯಿರಿ. ಒಂದೇ ಚುಕ್ಕಿ ಮೇಲೆ ಹಾರಿದರೆ ಕಾರಣ ಹುಡುಕಿ, ತೀರ್ಪು ಕೊಡಬೇಡಿ. ಸರಾಸರಿ ಬಿಟ್ಟು ಮೀಡಿಯನ್ ಯಾಕೆ ಅಂದರೆ, ಐದು ರೋಗಿಗಳು ಆಸ್ಪತ್ರೆಯಲ್ಲಿ 3, 4, 4, 5, 34 ದಿನ ಇದ್ದರೆ ಸರಾಸರಿ 10 ಬರುತ್ತದೆ. 10 ದಿನ ಇದ್ದವರು ಯಾರೂ ಇಲ್ಲ! ಮೀಡಿಯನ್ 4, ಅದೇ ನಿಜಕ್ಕೆ ಹತ್ತಿರ.

ಪಿ ವ್ಯಾಲ್ಯೂ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) ಬಗ್ಗೆ ಸದ್ಯಕ್ಕೆ ಇಷ್ಟು ಸಾಕು: ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅದು ಹೇಳುವುದಿಲ್ಲ. ಅದಕ್ಕೆ ದರಗಳನ್ನೇ ನೋಡಬೇಕು.

ಕೈ ತೊಳೆಯುವ ಲೆಕ್ಕದಲ್ಲಿ ಜನರನ್ನು ಎಣಿಸಬೇಡಿ, ಅವಕಾಶಗಳನ್ನು, ಅಂದರೆ ಕೈ ತೊಳೆಯಲೇಬೇಕಾದ ಸಂದರ್ಭಗಳನ್ನು ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳು ನಿಮಗೆ ಗೊತ್ತೇ ಇವೆ. 200 ಅವಕಾಶದಲ್ಲಿ 130 ಸಲ ತೊಳೆದರೆ ಶೇ. 65. ನೀವು ಪ್ಯಾಡ್ ಹಿಡಿದು ನಿಂತಾಗ ಎಲ್ಲರೂ ಜಾಸ್ತಿ ತೊಳೆಯುತ್ತಾರೆ, ಆದ್ದರಿಂದ ರಾತ್ರಿ ಪಾಳಿಯಲ್ಲೂ ನೋಡಿ, ಹ್ಯಾಂಡ್ ರಬ್ ಎಷ್ಟು ಬಾಟಲಿ ಖರ್ಚಾಯಿತು ಅಂತಲೂ ಹೋಲಿಸಿ.

ಅಭ್ಯಾಸಕ್ಕೆ ಒಂದು ಹಳೆಯ, ನಿಜವಾದ ಲೆಕ್ಕ ಕೊಡುತ್ತೇನೆ. 1846ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳಿದ್ದ ಮೊದಲನೆಯದರಲ್ಲಿ 4010 ಹೆರಿಗೆ, 459 ತಾಯಂದಿರ ಸಾವು. ಸೂಲಗಿತ್ತಿಯರಿದ್ದ ಎರಡನೆಯದರಲ್ಲಿ 3754 ಹೆರಿಗೆ, 105 ಸಾವು. ಎರಡರ ಶೇಕಡಾ ದರ ತೆಗೆಯಿರಿ, ಒಂದನ್ನು ಇನ್ನೊಂದರಿಂದ ಭಾಗಿಸಿ. 11.4 ಮತ್ತು 2.8 ಬರಬೇಕು, ಅಂದರೆ ಸುಮಾರು 4 ಪಟ್ಟು. ವಿದ್ಯಾರ್ಥಿಗಳು ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರು. ಈ ವ್ಯತ್ಯಾಸದ ಕಾರಣ ಹುಡುಕಲು ಹೊರಟ ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಆಗಿನ್ನೂ ರೋಗಾಣು ಸಿದ್ಧಾಂತ ಬಂದಿರಲಿಲ್ಲ, ಅವರ ಕೈಯಲ್ಲಿದ್ದದ್ದು ರಿಜಿಸ್ಟರ್ ಲೆಕ್ಕ.

ಇಷ್ಟು ಕಲಿತ ಮೇಲೆ ಆಸ್ಪತ್ರೆಯ ಇನ್‌ಫೆಕ್ಷನ್ ಕಂಟ್ರೋಲ್ ಕಮಿಟಿ ಮೀಟಿಂಗ್‌ಗೆ ಒಂದೇ ಹಾಳೆ ತಗೊಂಡು ಹೋಗಿ: ಸೋಂಕು ಎಷ್ಟು, ದಿನಗಳು ಎಷ್ಟು, ದರ, ಇಂಟರ್ವಲ್, ಕಲ್ಚರ್ ಸಂಖ್ಯೆ, ಕೆಳಗೆ ಗ್ರಾಫ್. ಅದರದೇ ಜೆರಾಕ್ಸ್ ಅದೇ ವಾರ ವಾರ್ಡಿನ ನೋಟಿಸ್ ಬೋರ್ಡಿಗೂ ಅಂಟಿಸಿ, ದಿನಾ ಕ್ಯಾಥೆಟರ್ ಎಣಿಸಿ ಬರೆದವರು ಅಲ್ಲೇ ಇದ್ದಾರೆ.